ಕ್ಲಾಂಪ್ ಇಲ್ಲದ ಪೈಪು: ಒಂದು ಟರ್ಬೊ ಆಯಿಲ್ ಲೀಕಿನ ಪ್ರಕರಣ

"ಸಿಗ್ನಲ್‌ನಲ್ಲಿ ನಿಂತರೆ ಸುಟ್ಟ ವಾಸನೆ ಬರುತ್ತೆ ಕಣೋ. ಓಡ್ತಿರುವಾಗ ಏನೂ ಇಲ್ಲ."

ಗೆಳೆಯನ ಅಕ್ಕ ಕಾರಿನ ಕೀ ಕೊಡುತ್ತಾ ಹೇಳಿದ್ದು ಇಷ್ಟೇ. ನಾನೂ ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ. ಕಾರು 11 ವರ್ಷ ಹಳೆಯದು. 1.5 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್. 1,38,000 ಕಿಲೋಮೀಟರ್ ಓಡಿತ್ತು. ಎಳೆತ ಕಡಿಮೆಯಾಗಿರಲಿಲ್ಲ. ಸೈಲೆನ್ಸರಿನಿಂದ ನೀಲಿ ಹೊಗೆ ಇರಲಿಲ್ಲ. ಮೀಟರಿನಲ್ಲಿ ಯಾವ ದೀಪವೂ ಹತ್ತಿರಲಿಲ್ಲ. ವಾಸನೆ ಒಂದೇ.

ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಇತ್ತು. ಕಾರು ಓಡುವಾಗ ಬಾನೆಟ್ಟಿನ ಒಳಗಿನ ಗಾಳಿ ಕೆಳಗಿನಿಂದ ಹಿಂದಕ್ಕೆ ಹೋಗಿಬಿಡುತ್ತದೆ. ನಿಂತಾಗ ಅದೇ ಗಾಳಿ ಮೇಲೇಳುತ್ತದೆ. ಕಾರಿನ ಒಳಗೆ ಗಾಳಿ ಎಳೆದುಕೊಳ್ಳುವ ಜಾಗ ಮುಂದಿನ ಗಾಜಿನ ಬುಡದಲ್ಲಿರುತ್ತದೆ. ಹಾಗಾಗಿ ಇಂಜಿನ್ನಿನ ಹಿಂಬದಿಯಲ್ಲಿ ಏನು ಸುಟ್ಟರೂ ಅದರ ವಾಸನೆ ನೇರ ಮೂಗಿಗೆ ಬರುತ್ತದೆ. ಈ ಕಾರಿನಲ್ಲಿ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಆ ಹೊಗೆಯ ಬಲದಿಂದ ಇಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಎರಡೂ ಇಂಜಿನ್ನಿನ ಹಿಂದೆಯೇ ಇವೆ. ಅಂದರೆ ಎಲ್ಲೋ ಆಯಿಲ್ ಒಸರಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತಿದೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಡೀಸೆಲ್ ಕಾರಿನಲ್ಲೂ ಭಾರ ಎಳೆಯುವಾಗ ಟರ್ಬೊಗೆ ಬರುವ ಹೊಗೆಯ ಬಿಸಿ 700 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಪೆಟ್ರೋಲ್ ಟರ್ಬೊ ಆದರೆ 900 ಡಿಗ್ರಿಯನ್ನೂ ದಾಟುತ್ತದೆ. ಇಂಜಿನ್ ಆಯಿಲ್‌ನಿಂದ ಏಳುವ ಆವಿ ಸುಮಾರು 200ರಿಂದ 230 ಡಿಗ್ರಿಯಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ನೆಲದ ಮೇಲೆ ನಾಲ್ಕು ಹನಿ ಬೀಳುವ ಲೀಕು ಬೇರೆ, ಮ್ಯಾನಿಫೋಲ್ಡ್ ಮೇಲೆ ಬೀಳುವ ಲೀಕು ಬೇರೆ. ಎರಡನೆಯದು ಎಷ್ಟೇ ಚಿಕ್ಕದಿರಲಿ, ಆಮೇಲೆ ನೋಡೋಣ ಎಂದು ಬಿಡುವಂಥದ್ದಲ್ಲ.

ಮೊದಲ ಸಲ ನಾನು ಮಾಡಿದ ತಪ್ಪು

ಇಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಒತ್ತದೆ ಐಡ್ಲಿಂಗ್‌ನಲ್ಲಿ ಬಿಟ್ಟೆ. ಟಾರ್ಚ್ ಮತ್ತು ಉದ್ದ ಹಿಡಿಯ ಸಣ್ಣ ಕನ್ನಡಿ ಹಿಡಿದು ಹಿಂದೆ ನೋಡಿದೆ. ಟರ್ಬೊ ತಲೆಯ ಮೇಲಿನ ಬ್ಯಾಂಜೊ ಬೋಲ್ಟ್ ಸುತ್ತ ಒದ್ದೆಯಾಗಿತ್ತು. ಪೈಪಿನ ತುದಿಯ ಉಂಗುರದೊಳಗೆ ಹಾದುಹೋಗುವ ಟೊಳ್ಳು ಬೋಲ್ಟ್ ಅದು. ಅಲ್ಲಿಗೇ ಟರ್ಬೊಗೆ ಆಯಿಲ್ ತರುವ ಫೀಡ್ ಪೈಪ್ ಬಂದು ಸೇರುವುದು. ಆ ಉಂಗುರದ ಮೇಲೊಂದು ಕೆಳಗೊಂದು ತಾಮ್ರದ ವಾಷರ್ ಇರುತ್ತದೆ. ಹಳೆಯ ವಾಷರ್ ಗಟ್ಟಿಯಾಗಿ ಒಸರುವುದು ಸಾಮಾನ್ಯ. ಎರಡನ್ನೂ ಬದಲಿಸಿದೆ, ಒರೆಸಿದೆ, 20 ನಿಮಿಷ ಇಂಜಿನ್ ಓಡಿಸಿ ನೋಡಿದೆ. ಒಂದು ಹನಿಯೂ ಇಲ್ಲ. ಕಾರು ಕೊಟ್ಟು ಕಳಿಸಿದೆ.

ಒಂಬತ್ತು ದಿನಕ್ಕೆ ಕಾರು ವಾಪಸ್ ಬಂತು. ಅದೇ ವಾಸನೆ. ಈ ಸಲ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆಯಿಂದ ನಡುವಿಗೆ ಇಳಿದಿತ್ತು. ಬಹಳ ಕಾರುಗಳಲ್ಲಿ ಎರಡು ಗೆರೆಗಳ ನಡುವೆ ಸುಮಾರು ಒಂದು ಲೀಟರ್ ಹಿಡಿಯುತ್ತದೆ, ಇದರಲ್ಲೂ ಅಷ್ಟೇ. ಅಂದರೆ ಸುಮಾರು 700 ಕಿಲೋಮೀಟರಿಗೆ ಅರ್ಧ ಲೀಟರ್ ಹೋಗಿತ್ತು. ಒಸರುವ ವಾಷರಿನಿಂದ ಇಷ್ಟು ಹೋಗುವುದಿಲ್ಲ.

ನಾನು ಎಡವಿದ್ದು ಎಲ್ಲಿ ಅಂತ ಆಗ ಹೊಳೆಯಿತು. ಬಿಸಿ ಇಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಆಯಿಲ್ ಒತ್ತಡ ಒಂದು ಬಾರ್ ಆಸುಪಾಸು ಇರುತ್ತದೆ. ರಸ್ತೆಯಲ್ಲಿ ಓಡುವಾಗ ಅದು ಮೂರು, ನಾಲ್ಕು ಬಾರ್‌ಗೆ ಏರುತ್ತದೆ. ಇಂಜಿನ್ ಅಲುಗಾಟವೂ ಬೇರೆ, ಬಿಸಿಯೂ ಬೇರೆ. ನಿಂತ ಕಾರಿನಲ್ಲಿ ಮುಚ್ಚಿಕೊಂಡಿರುವ ಬಿರುಕು ಓಡುವ ಕಾರಿನಲ್ಲಿ ತೆರೆದುಕೊಳ್ಳಬಹುದು. ನಾನು ಕಾರನ್ನು ನಿಲ್ಲಿಸಿಕೊಂಡೇ ಪರೀಕ್ಷೆ ಮಾಡಿದ್ದೆ. ಒದ್ದೆ ಕಂಡ ಜಾಗವನ್ನೇ ಲೀಕಾದ ಜಾಗ ಅಂದುಕೊಂಡಿದ್ದೆ. "ಅಕ್ಕ, ಹೋದ ಸಲ ನಾನು ಪೂರ್ತಿ ನೋಡಲಿಲ್ಲ. ಈ ಸಲ ಕಾರು ಎರಡು ದಿನ ಇಲ್ಲೇ ಇರಲಿ" ಅಂದೆ. ಅವರು ಒಪ್ಪಿದರು.

ಎಲ್ಲಿಂದ ಬರುತ್ತಿದೆ?

ಆಯಿಲ್ ಲೀಕು ಹುಡುಕುವಾಗ ಮೊದಲು ಮಾಡಬೇಕಾದ್ದು ತೊಳೆಯುವುದು. ಹಳೆಯ ಜಿಡ್ಡು ಇರುವವರೆಗೆ ಕಣ್ಣು ಮೋಸ ಹೋಗುತ್ತದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ರೇಕ್ ಕ್ಲೀನರ್ ಹೊಡೆದು ಹಿಂಬದಿಯನ್ನೆಲ್ಲ ಒರೆಸಿದೆ. ಬಿಸಿ ಮ್ಯಾನಿಫೋಲ್ಡ್ ಮೇಲೆ ಅದನ್ನು ಹೊಡೆಯಲೇಬಾರದು. ಅದು ಹೊತ್ತಿಕೊಳ್ಳುವ ದ್ರವ, ಕೆಲವು ಬಗೆಯದಾದರೆ ಬಿಸಿಗೆ ತಾಗಿ ವಿಷದ ಹೊಗೆಯನ್ನೂ ಬಿಡುತ್ತದೆ. ಆಮೇಲೆ ಆಯಿಲ್‌ಗೆ ಲೀಕು ತೋರಿಸುವ ಡೈ ಬೆರೆಸಿದೆ. ಯುವಿ ಟಾರ್ಚ್ ಬಿಟ್ಟರೆ ಇದು ಹಸಿರು ಹಳದಿಯಾಗಿ ಹೊಳೆಯುತ್ತದೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು 15 ಕಿಲೋಮೀಟರ್ ಓಡಿಸಿದೆ. ಏರು ರಸ್ತೆಯೂ ಇರಬೇಕು, ಟರ್ಬೊ ಚೆನ್ನಾಗಿ ಕೆಲಸ ಮಾಡಬೇಕು, ಅದೇ ಉದ್ದೇಶ.

ವಾಪಸ್ ಬಂದು ನೆರಳಿನಲ್ಲಿ ಬಾನೆಟ್ ಎತ್ತಿ ಟಾರ್ಚ್ ಬಿಟ್ಟೆ. ಆಯಿಲ್ ಕೆಳಕ್ಕೆ ಹರಿಯುತ್ತದೆ, ಫ್ಯಾನ್ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಅದಕ್ಕೇ ಎಲ್ಲಕ್ಕಿಂತ ಮೇಲೆ ಮತ್ತು ಮುಂದೆ ಇರುವ ಒದ್ದೆ ಯಾವುದು ಅಂತ ನೋಡಬೇಕು. ಇಂಜಿನ್ನಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಅಂಚು ಒಣಗಿತ್ತು. ಹಾಗಾಗಿ ಅದರ ಸಂದಿ ಮುಚ್ಚುವ ಗ್ಯಾಸ್ಕೆಟ್ ಅಲ್ಲ. ಆಯಿಲ್ ಫಿಲ್ಟರ್ ಕೂರುವ ಜಾಗ ಒಣಗಿತ್ತು. ಟರ್ಬೊದಿಂದ ಕೆಳಗೆ ಇಂಜಿನ್ನಿನ ಆಯಿಲ್ ತೊಟ್ಟಿಯಾದ ಸಂಪ್‌ಗೆ ಹೋಗುವ ದಪ್ಪ ರಿಟರ್ನ್ ಪೈಪ್ ಹೊರಗೆ ಒದ್ದೆ ಇತ್ತು, ಆದರೆ ಆ ಒದ್ದೆ ಮೇಲಿನಿಂದ ಇಳಿದು ಬಂದದ್ದು. ಹೊಸದಾಗಿ ಹಾಕಿದ ವಾಷರುಗಳ ಮೇಲ್ಮುಖವೂ ಒಣಗಿತ್ತು! ಬ್ಯಾಂಜೊದಿಂದ ಒಂದು ಬೆರಳಿನಷ್ಟು ಹಿಂದೆ, ಬಿಸಿ ತಡೆಯುವ ತಗಡಾದ ಹೀಟ್ ಶೀಲ್ಡ್‌ನ ಮಡಿಕೆಯ ಕೆಳಗೆ, ಗೆರೆ ಎಳೆದಂತೆ ಹೊಳಪು ಕಂಡಿತು. ಉಕ್ಕಿನ ಪೈಪನ್ನು ಬ್ಯಾಂಜೊ ಉಂಗುರಕ್ಕೆ ಬೆಸೆದಿರುವ ಜಾಗ ಅದು.

ಶೀಲ್ಡಿನ ಅಂಚು ಎತ್ತಿ ನೋಡಿದಾಗಲೂ ಬಿರುಕು ಬರಿಗಣ್ಣಿಗೆ ಕಾಣಲಿಲ್ಲ. ಪೈಪನ್ನು ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಒತ್ತಿದಾಗ ಕೂದಲೆಳೆಯಷ್ಟು ಕಪ್ಪು ಗೆರೆ ಬಾಯಿ ಬಿಟ್ಟಿತು. ಬಿಟ್ಟರೆ ಮುಚ್ಚಿಕೊಂಡಿತು. ಪೈಪಿನ ಸುತ್ತಳತೆಯ ಮೂರನೇ ಒಂದು ಭಾಗದಷ್ಟು ಹರಡಿತ್ತು. ಮೊದಲ ಸಲ ವಾಷರ್ ಬದಲಿಸುವಾಗ ನನ್ನ ಕೈ ಇದರಿಂದ ಎರಡು ಸೆಂಟಿಮೀಟರ್ ದೂರದಲ್ಲಿತ್ತು.

ಈ ಸಣ್ಣ ಪೈಪು ಯಾಕೆ ಅಷ್ಟು ಮುಖ್ಯ?

ಅಕ್ಕ ಫೋನಿನಲ್ಲಿ ಕೇಳಿದರು, "ಒಂದು ಪೈಪ್ ತಾನೇ? ಬೆಸುಗೆ ಹಾಕಿಸಿದರೆ ಆಗಲ್ವಾ?" ನ್ಯಾಯವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ಟರ್ಬೊ ಒಳಗೆ ಒಂದು ಶಾಫ್ಟ್ ಇದೆ. ಒಂದು ತುದಿಯ ಚಕ್ರವನ್ನು ಇಂಜಿನ್ನಿನಿಂದ ಹೊರಹೋಗುವ ಹೊಗೆ ತಿರುಗಿಸುತ್ತದೆ. ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಇಂಜಿನ್ನಿಗೆ ಕೊಡುತ್ತದೆ. ಇಂಥ ಚಿಕ್ಕ ಕಾರಿನ ಟರ್ಬೊ ಶಾಫ್ಟ್ ನಿಮಿಷಕ್ಕೆ 1,50,000 ಸುತ್ತು ದಾಟಿ ತಿರುಗುತ್ತದೆ, 2,00,000 ಮುಟ್ಟುವುದೂ ಉಂಟು. ಇಷ್ಟು ವೇಗದಲ್ಲಿ ಲೋಹಕ್ಕೆ ಲೋಹ ತಾಗಿದರೆ ಕ್ಷಣದಲ್ಲಿ ಸವೆದುಹೋಗುತ್ತದೆ. ಅದಕ್ಕೇ ಶಾಫ್ಟ್ ಬೇರಿಂಗಿನೊಳಗೆ ಆಯಿಲ್ ಪದರದ ಮೇಲೆ ತೇಲುತ್ತದೆ. ಆ ಪದರದ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಅದೇ ಆಯಿಲ್ ಬಿಸಿಯನ್ನೂ ಹೊತ್ತುಕೊಂಡು ಹೊರಗೆ ಹೋಗುತ್ತದೆ.

ಆ ಆಯಿಲ್ ಬರುವ ದಾರಿ ಈ ಒಂದೇ ಪೈಪು. ಒಳಗಿನ ತೂತು ಕೆಲವೇ ಮಿಲಿಮೀಟರ್. ಒಳಕ್ಕೆ ಒತ್ತಡದಲ್ಲಿ ಬರುತ್ತದೆ, ಹೊರಕ್ಕೆ ಹೋಗುವಾಗ ಒತ್ತಡ ಇರುವುದಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅದಕ್ಕೇ ಫೀಡ್ ಪೈಪ್ ಸಣ್ಣದು, ರಿಟರ್ನ್ ಪೈಪ್ ದಪ್ಪ. ಫೀಡ್ ಪೈಪ್ ಪೂರ್ತಿ ತುಂಡಾದರೆ ಎರಡು ಅನಾಹುತ ಒಟ್ಟಿಗೇ ಆಗುತ್ತವೆ. ಟರ್ಬೊಗೆ ಆಯಿಲ್ ಇಲ್ಲ. ಇಂಜಿನ್ನಿನ ಆಯಿಲ್ ಎಲ್ಲ ಪಂಪಿನ ಒತ್ತಡದಲ್ಲಿ ಮ್ಯಾನಿಫೋಲ್ಡ್ ಮೇಲೆ ಸುರಿಯುತ್ತದೆ.

ಬೆಸುಗೆ ಯಾಕೆ ಬೇಡ ಅಂದರೆ, ಪೈಪನ್ನು ಕಾಯಿಸಿದಾಗ ಒಳಗೆ ಕಿಟ್ಟ ಏಳುತ್ತದೆ. ಹೊರಗೆ ಉಜ್ಜಬಹುದು, ಒಳಗೆ ಕೈ ಹೋಗುವುದಿಲ್ಲ. ಆ ಕಿಟ್ಟದ ಒಂದು ಚೂರು ಬಿಟ್ಟು ಹೋದರೂ ನೇರ ಬೇರಿಂಗಿಗೆ ಹೋಗುತ್ತದೆ, ಯಾಕೆಂದರೆ ಇಂಜಿನ್ನಿನ ಫಿಲ್ಟರ್ ಈ ಪೈಪಿಗಿಂತ ಮೊದಲೇ ಮುಗಿದಿರುತ್ತದೆ. ರಬ್ಬರ್ ಹೋಸ್ ಹಾಕಿ ಕ್ಲಿಪ್ ಬಿಗಿಯುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಟರ್ಬೊ ಪಕ್ಕದ ಬಿಸಿಗೆ ಸಾಮಾನ್ಯ ರಬ್ಬರ್ ತಾಳುವುದಿಲ್ಲ. ಕಾರು ಇನ್ನೂ ಓಡಬೇಕು ಅಂತಿದ್ದರೆ ಹೊಸ ಪೈಪೇ ಸರಿ.

ಖಾಲಿ ತೂತು

ಹೊಸ ಪೈಪಿಗೆ ಆರ್ಡರ್ ಕೊಟ್ಟು ಕೂರಬಹುದಿತ್ತು. ಆದರೆ ಒಂದು ಮಾತು ಕೊರೆಯುತ್ತಿತ್ತು. ಉಕ್ಕಿನ ಪೈಪ್ ಸುಮ್ನೆ ಬಿರಿಯುವುದಿಲ್ಲ. ಬಿರುಕು ಬೆಸುಗೆಯ ಪಕ್ಕದಲ್ಲೇ, ಒಂದೇ ಬದಿಯಲ್ಲಿ, ನೇರ ಗೆರೆಯಾಗಿ ಬಂದಿತ್ತು. ಕಬ್ಬಿಣದ ತಂತಿಯನ್ನು ಅತ್ತ ಇತ್ತ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಬಗೆಯ ಬಿರುಕು. ಯಾವುದೋ ಈ ಪೈಪನ್ನು ಬಗ್ಗಿಸುತ್ತಿತ್ತು.

ಪೈಪಿನ ಉದ್ದಕ್ಕೂ ಕೈ ಆಡಿಸಿದೆ. ಇಂಜಿನ್ ಬ್ಲಾಕಿನಿಂದ ಹೊರಟು, ಒಂದು ದೊಡ್ಡ ಬಾಗು ತೆಗೆದುಕೊಂಡು, ಟರ್ಬೊ ತಲೆಗೆ ಏರುತ್ತದೆ. ನಡುವೆ ಒಂದು ಕಡೆ ಪೈಪಿನ ಮೇಲೆ ಉಜ್ಜಿದ ಹಳೆಯ ಗುರುತು, ಅಲ್ಲಿ ಬಣ್ಣ ಬೇರೆ. ಅದರ ಎದುರಿಗೆ ಬ್ಲಾಕಿನಲ್ಲಿ ಒಂದು ಥ್ರೆಡ್ ಇರುವ ತೂತು. ಬೋಲ್ಟ್ ಇಲ್ಲ. ತೂತಿನೊಳಗೆ ಮಣ್ಣು ಜಿಡ್ಡು ಗಟ್ಟಿಯಾಗಿ ತುಂಬಿತ್ತು. ಅಂದರೆ ಬಹಳ ದಿನದಿಂದ ಖಾಲಿ.

ಅಲ್ಲಿ ಒಂದು ಕ್ಲಾಂಪ್ ಇರಬೇಕಿತ್ತು. ಸರ್ವಿಸ್ ಮ್ಯಾನುಯಲ್‌ನ ಚಿತ್ರ ತೆಗೆದು ನೋಡಿದರೆ ಇತ್ತು. ಪೈಪನ್ನು ನಡುವಿನಲ್ಲಿ ಹಿಡಿದುಕೊಳ್ಳುವ ಸಣ್ಣ ತಗಡಿನ ಪಟ್ಟಿ, ಒಂದು ಬೋಲ್ಟ್. ಮೂರು ವರ್ಷದ ಹಿಂದೆ ಇಂಜಿನ್ ಗ್ಯಾಸ್ಕೆಟ್ ಕೆಲಸ ಬೇರೆ ಕಡೆ ಆಗಿತ್ತು ಎಂದು ಅಕ್ಕ ನೆನಪಿಸಿಕೊಂಡರು. ಆಗಲೇ ಬಿಟ್ಟಿರಬಹುದು, ಅದಕ್ಕೂ ಮೊದಲೇ ಬಿಟ್ಟಿರಬಹುದು. ಬಿಚ್ಚಲು ಕಷ್ಟದ ಜಾಗ ಅದು, ಮತ್ತೆ ಹಾಕಲು ಇನ್ನೂ ಕಷ್ಟ. ಹಾಕದಿದ್ದರೂ ಇಂಜಿನ್ ಚಾಲೂ ಆಗುತ್ತದೆ, ಅಂದು ಲೀಕೂ ಆಗುವುದಿಲ್ಲ.

ಅದು ಇಲ್ಲದಿದ್ದರೆ ಏನಾಗುತ್ತದೆ ಅಂತ ಒಂದು ಲೆಕ್ಕ ನೋಡಿ. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಹೊತ್ತುತ್ತದೆ. ನಿಮಿಷಕ್ಕೆ 2,000 ಸುತ್ತಿನಲ್ಲಿ ಓಡುವ ಕಾರಿಗೆ ನಿಮಿಷಕ್ಕೆ 4,000 ಹೊಡೆತ. ಒಂದು ಗಂಟೆಗೆ 2,40,000. ಪ್ರತಿ ಹೊಡೆತಕ್ಕೂ ಹಿಡಿತವಿಲ್ಲದ ಪೈಪು ಒಂದು ಚೂರು ಅಲುಗುತ್ತದೆ. ಎಲ್ಲ ಅಲುಗಾಟವೂ ಕೊನೆಗೆ ಸೇರುವುದು ಅತಿ ಗಟ್ಟಿಯಾದ ತುದಿಯಲ್ಲಿ, ಬೆಸುಗೆಯ ಅಂಚಿನಲ್ಲಿ. ಮೂರು ವರ್ಷ ಆ ಪೈಪು ತಡೆದುಕೊಂಡಿತ್ತು ಅನ್ನುವುದೇ ದೊಡ್ಡದು.

ನಾನು ಪೈಪ್ ಮಾತ್ರ ಬದಲಿಸಿ ಕಳಿಸಿದ್ದರೆ ಈ ಕೆಲಸ ಮುಗಿಯುತ್ತಿರಲಿಲ್ಲ. ಹೊಸ ಪೈಪೂ ಅದೇ ಜಾಗದಲ್ಲಿ ಬಿರಿಯುತ್ತಿತ್ತು, ಎರಡು ವರ್ಷಕ್ಕೋ ಮೂರಕ್ಕೋ. ಆಗ ಎಲ್ಲರೂ ಪೈಪಿನ ಗುಣಮಟ್ಟವನ್ನು ಬೈಯುತ್ತಿದ್ದೆವು.

ಚಾಸಿ ನಂಬರ್ ಕೊಟ್ಟು ಪೈಪ್, ನಾಲ್ಕು ತಾಮ್ರದ ವಾಷರ್, ಕ್ಲಾಂಪ್, ಅದರ ಬೋಲ್ಟ್, ಜೊತೆಗೆ ಹೊಸ ಹೀಟ್ ಶೀಲ್ಡ್ ತರಿಸಿದೆ. ಕ್ಲಾಂಪ್ ಪೈಪಿನ ಜೊತೆ ಬರುವುದಿಲ್ಲ, ಅದಕ್ಕೆ ಬೇರೆ ಪಾರ್ಟ್ ನಂಬರ್. ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಶೀಲ್ಡ್ ಯಾಕೆ ಅಂದರೆ, ಅದು ಎರಡು ತಗಡಿನ ನಡುವೆ ಶಾಖ ತಡೆಯುವ ಹತ್ತಿಯಂಥ ಪದರ ಇರುವಂಥದ್ದು. ಆ ಪದರ ಆಯಿಲ್ ಹೀರಿಕೊಂಡು ಭಾರವಾಗಿತ್ತು. ಅದನ್ನು ಎಷ್ಟು ಒರೆಸಿದರೂ ಒಳಗಿನ ಆಯಿಲ್ ಹೋಗುವುದಿಲ್ಲ. ಮ್ಯಾನಿಫೋಲ್ಡ್ ಮೇಲೆ ಆಯಿಲ್ ನೆನೆದ ಬತ್ತಿ ಇಟ್ಟ ಹಾಗೆ.

ಬಿಚ್ಚುವುದು

ಹಿಂದಿನ ಸಂಜೆಯೇ ಶೀಲ್ಡಿನ ಬೋಲ್ಟುಗಳಿಗೂ ಎರಡು ಬ್ಯಾಂಜೊ ಬೋಲ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಬೆಳಗ್ಗೆ ತಣ್ಣಗಿನ ಇಂಜಿನ್. ಬ್ಯಾಟರಿಯ ನೆಗೆಟಿವ್ ತೆಗೆದೆ. ಏರ್ ಫಿಲ್ಟರ್ ಡಬ್ಬಿ ಮತ್ತು ಅದರಿಂದ ಟರ್ಬೊಗೆ ಹೋಗುವ ದಪ್ಪ ಪೈಪ್ ಬಿಚ್ಚಿದ ಮೇಲೆ ಕೈ ಹೋಗುವಷ್ಟು ಜಾಗ ಸಿಕ್ಕಿತು.

ಗಾಳಿ ಪೈಪ್ ಬಿಚ್ಚಿದಾಗ ಟರ್ಬೊ ಚಕ್ರ ಎದುರಿಗೇ ಕಾಣುತ್ತದೆ. ಈ ಅವಕಾಶ ಬಿಡಬಾರದು. ಶಾಫ್ಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದೆ. ಒಂದು ಚೂರು ಆಟ ಇತ್ತು. ಆಯಿಲ್ ಇಲ್ಲದೆ ನಿಂತಾಗ ಅಷ್ಟು ಇರುವುದೇ ಸರಿ, ಆಯಿಲ್ ಪದರಕ್ಕೆ ಬಿಟ್ಟ ಜಾಗ ಅದು. ಚಕ್ರದ ರೆಕ್ಕೆ ಗೋಡೆಗೆ ತಾಗಬಾರದು, ತಾಗುತ್ತಿರಲಿಲ್ಲ. ಮುಂದೆ ಹಿಂದೆ ಎಳೆದು ನೋಡಿದೆ. ಹಾಗೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಆಟ ಇರಬಾರದು, ಇರಲಿಲ್ಲ. ರೆಕ್ಕೆಗಳ ಅಂಚು ಚೆನ್ನಾಗಿತ್ತು. ಗಾಳಿ ಪೈಪಿನ ಒಳಗೆ ತೆಳುವಾಗಿ ಆಯಿಲ್ ಅಂಟಿತ್ತು. ಅದನ್ನು ಕಂಡು ಟರ್ಬೊ ಸೀಲ್ ಹೋಯಿತು ಅಂತ ಹೆದರುವವರು ಬಹಳ ಮಂದಿ. ಇಂಜಿನ್ನಿನ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಪೈಪಿನ ಆವಿ ಅಲ್ಲಿಗೇ ಬಂದು ಸೇರುವುದರಿಂದ ಅಷ್ಟು ಇದ್ದೇ ಇರುತ್ತದೆ. ಒಟ್ಟಿನಲ್ಲಿ ಟರ್ಬೊ ಉಳಿದಿತ್ತು. ಆ ಕ್ಷಣ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಅಕ್ಕ ವಾಸನೆ ಬಂದ ಕೂಡಲೇ ಕಾರು ತಂದಿದ್ದರು, ಅದಕ್ಕೇ ಉಳಿಯಿತು.

ಶೀಲ್ಡಿನ ಮೂರು ಬೋಲ್ಟಿನಲ್ಲಿ ಒಂದು ಜಪ್ಪಯ್ಯ ಅಂದರೂ ಬರಲಿಲ್ಲ. ಇಂಥಲ್ಲಿ ಉದ್ದ ಹಿಡಿ ಹಾಕಿ ಎಳೆದರೆ ತಲೆ ತುಂಡಾಗುತ್ತದೆ, ಆಮೇಲೆ ಮ್ಯಾನಿಫೋಲ್ಡಿನಲ್ಲಿ ಡ್ರಿಲ್ ಮಾಡುತ್ತಾ ಕೂರಬೇಕು. ಕಾಲು ಸುತ್ತು ಸಡಿಲ, ಮತ್ತೆ ಅಷ್ಟೇ ಬಿಗಿ, ಮತ್ತೆ ಎಣ್ಣೆ. ಹೀಗೆ ಮಾಡಿ ಮಾಡಿ ಮುಕ್ಕಾಲು ಗಂಟೆಗೆ ಹೊರಬಂತು. ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಅದೊಂದೇ ಬೋಲ್ಟು.

ಟರ್ಬೊ ಕಡೆಯ ಬ್ಯಾಂಜೊ ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕು. ಈ ಟರ್ಬೊದಲ್ಲಿ ಬ್ಯಾಂಜೊ ಕೆಳಗೆ ಒಂದು ಅಡಾಪ್ಟರ್ ಇದೆ. ಅದನ್ನು ಒಂದು ಸ್ಪ್ಯಾನರಿನಿಂದ ಹಿಡಿದುಕೊಂಡು ಮೇಲಿನದನ್ನು ತಿರುಗಿಸಬೇಕು. ಇಲ್ಲದಿದ್ದರೆ ಅಡಾಪ್ಟರೇ ತಿರುಗಿ ಅದರ ಕೆಳಗಿನಿಂದ ಹೊಸ ಲೀಕು ಶುರುವಾಗುತ್ತದೆ. ಸ್ಪ್ಯಾನರ್ ಹಾಕುವ ಮೊದಲೇ ಸುತ್ತಲಿನ ಮಣ್ಣು, ತುಕ್ಕು ಎಲ್ಲ ಬ್ರಶ್‌ನಿಂದ ತೆಗೆದಿದ್ದೆ. ಬೋಲ್ಟ್ ಬಂದ ಕೂಡಲೇ ತೂತಿಗೆ ಸ್ವಚ್ಛ ಪ್ಲಾಸ್ಟಿಕ್ ಮುಚ್ಚಳ ಒತ್ತಿದೆ. ಬಟ್ಟೆಯನ್ನೋ ಕಾಟನ್ ವೇಸ್ಟನ್ನೋ ತುರುಕಬಾರದು, ಅದರ ನೂಲು ಒಳಗೆ ಉಳಿಯುತ್ತದೆ.

ಬ್ಲಾಕಿನ ಕಡೆ ಪೈಪ್ ತೆಗೆದಾಗ ಕೈಗೆ ಬಂದದ್ದು ಒಂದೇ ವಾಷರ್. ಎರಡು ಇರಬೇಕು. ಟಾರ್ಚ್ ಬಿಟ್ಟು ಉಗುರಿನಿಂದ ಕೆರೆದರೆ ಇನ್ನೊಂದು ಬ್ಲಾಕಿನ ಮುಖಕ್ಕೇ ಅಂಟಿಕೊಂಡಿತ್ತು, ಬಣ್ಣವೂ ಬ್ಲಾಕಿನದ್ದೇ ಆಗಿಬಿಟ್ಟಿತ್ತು. ಅದನ್ನು ಕಾಣದೆ ಮೇಲೆ ಹೊಸದನ್ನು ಕೂರಿಸಿದರೆ ಹಳೆಯ ವಾಷರಿನ ಸುತ್ತ ಖಂಡಿತ ಒಸರುತ್ತದೆ. ಎಷ್ಟು ವಾಷರ್ ಹಾಕುತ್ತೇವೋ ಅಷ್ಟು ಹಳೆಯದು ಕೈಗೆ ಬಂದಿರಬೇಕು.

ಹಳೆಯ ಪೈಪನ್ನು ಆಮೇಲೆ ಉದ್ದಕ್ಕೆ ಸೀಳಿ ನೋಡಿದೆ. ಬ್ಲಾಕಿನ ಕಡೆ ಒಳಗೆ ಉಕ್ಕಿನ ಹೊಳಪು ಇತ್ತು. ಟರ್ಬೊ ಕಡೆಯ ಕೊನೆಯ ನಾಲ್ಕು ಸೆಂಟಿಮೀಟರ್ ಗಟ್ಟಿ ಕಪ್ಪು ಕಾರ್ಬನ್. ತೂತು ಕಾಲು ಭಾಗದಷ್ಟು ಕಿರಿದಾಗಿತ್ತು. ಜೋರಾಗಿ ಓಡಿಸಿ ಬಂದು ತಕ್ಷಣ ಇಂಜಿನ್ ಆಫ್ ಮಾಡಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಟರ್ಬೊ ಬಿಸಿ ಮಾತ್ರ ನಿಲ್ಲುವುದಿಲ್ಲ. ಪೈಪಿನ ತುದಿಯಲ್ಲಿ ನಿಂತ ಆಯಿಲ್ ಅಲ್ಲೇ ಬೆಂದು ಕಾರ್ಬನ್ ಆಗುತ್ತದೆ. ಆಯಿಲ್ ಬದಲಿಸುವುದನ್ನು ಮುಂದೂಡಿದರೆ ಇನ್ನೂ ಜಾಸ್ತಿ. ಕೆಲವು ಇಂಜಿನ್ನುಗಳಲ್ಲಿ ಬ್ಯಾಂಜೊ ಬೋಲ್ಟಿನೊಳಗೇ ಸಣ್ಣ ಜಾಲರಿ ಇರುತ್ತದೆ. ಪೂಜೊ, ಸಿಟ್ರನ್ ಮತ್ತು ಫೋರ್ಡ್ ಕಾರುಗಳಲ್ಲಿ ಬಂದ 1.6 ಲೀಟರ್ ಡೀಸೆಲ್ ಇಂಜಿನ್‌ನಲ್ಲಿ ಈ ಜಾಲರಿ ಕಾರ್ಬನ್ನಿನಿಂದ ಕಟ್ಟಿಕೊಂಡು ಟರ್ಬೊ ಹೋಗುವುದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ಸಂಗತಿ. ನಮ್ಮ ಕಾರಿನ ಬೋಲ್ಟಿನಲ್ಲಿ ಜಾಲರಿ ಇರಲಿಲ್ಲ. ಆದರೂ ಇನ್ನೊಂದು ವರ್ಷ ಕಳೆದಿದ್ದರೆ, ಬಿರುಕು ಬರದಿದ್ದರೂ, ಟರ್ಬೊ ಆಯಿಲ್ ಸಾಲದೆ ಒದ್ದಾಡುತ್ತಿತ್ತು ಎಂದು ನನ್ನ ಅನಿಸಿಕೆ.

ಹಾಕುವುದು

ಹೊಸ ಪೈಪನ್ನು ಹಳೆಯದರ ಪಕ್ಕ ಇಟ್ಟು ಬಾಗುಗಳನ್ನು ಹೋಲಿಸಿದೆ. ಒಳಗೆ ಬ್ರೇಕ್ ಕ್ಲೀನರ್ ಬಿಟ್ಟು ಗಾಳಿ ಊದಿ ಒಣಗಿಸಿದೆ. ಎರಡು ಬ್ಯಾಂಜೊ ಬೋಲ್ಟುಗಳನ್ನು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಬಾರದು. ನೋಡಲು ಒಂದೇ ಥರ ಇದ್ದರೂ ಒಳಗಿನ ತೂತು ಬೇರೆ ಇರಬಹುದು, ಕೆಲವದರಲ್ಲಿ ಆಯಿಲ್ ಅಳತೆ ಮಾಡಿ ಬಿಡುವುದೇ ಆ ತೂತು. ಜಾಸ್ತಿ ಆಯಿಲ್ ಬಂದರೆ ಟರ್ಬೊಗೆ ಒಳ್ಳೆಯದು ಅಂತಲೂ ಅಂದುಕೊಳ್ಳಬಾರದು. ರಿಟರ್ನ್ ದಾರಿಗೆ ಇಳಿಸಲಾಗದಷ್ಟು ಬಂದರೆ ಅದು ಸೀಲ್ ದಾಟಿ ಗಾಳಿ ಕಡೆಗೋ ಹೊಗೆ ಕಡೆಗೋ ಹೋಗುತ್ತದೆ.

ಸೀಲ್ ಟೇಪ್, ಸಿಲಿಕಾನ್ ಅಂಟು ಇವೆರಡನ್ನೂ ಈ ಕೆಲಸದ ಹತ್ತಿರ ತರಬಾರದು. ಇಲ್ಲಿ ಸೀಲ್ ಮಾಡುವುದು ತಾಮ್ರದ ವಾಷರ್, ಥ್ರೆಡ್ ಅಲ್ಲ. ಟೇಪಿನ ಒಂದು ಎಳೆ ಕಿತ್ತು ಬಂದರೆ ಮುಂದಿನ ನಿಲ್ದಾಣ ಬೇರಿಂಗೇ.

ಟರ್ಬೊ ತಲೆಯ ತೂತಿಗೆ ಸಿರಿಂಜಿನಿಂದ ಹತ್ತು ಮಿಲಿಲೀಟರಿನಷ್ಟು ಹೊಸ ಆಯಿಲ್ ಬಿಟ್ಟು, ಚಕ್ರವನ್ನು ಬೆರಳಿನಿಂದ ತಿರುಗಿಸಿದೆ. ಬೇರಿಂಗ್ ಒಣಗಿದ್ದರೆ ಮೊದಲ ಕೆಲವು ಸೆಕೆಂಡಿನಲ್ಲೇ ಗೀರು ಬೀಳುತ್ತದೆ. ಆಮೇಲೆ ಪೈಪಿನ ಬ್ಲಾಕ್ ಕಡೆ ಮಾತ್ರ ಜೋಡಿಸಿ, ಟರ್ಬೊ ಕಡೆಯ ತುದಿಯನ್ನು ಒಂದು ಸ್ವಚ್ಛ ಬಾಟಲಿಯೊಳಗೆ ಇಟ್ಟೆ. ಇದಕ್ಕೆ ಮೊದಲೇ ಇಂಜಿನ್ ಆಯಿಲ್ ಮತ್ತು ಫಿಲ್ಟರ್ ಹೊಸದಾಗಿ ಹಾಕಿಯಾಗಿತ್ತು. ಇಂಜಿನ್ ಹೊತ್ತದಂತೆ ಮ್ಯಾನುಯಲ್ ಹೇಳಿದ ಹಾಗೆ ಡೀಸೆಲ್ ಸರಬರಾಜು ತಡೆದು, ಬ್ಯಾಟರಿ ಜೋಡಿಸಿ, ಸಹಾಯಕ ಹುಡುಗನಿಗೆ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಲು ಹೇಳಿದೆ. "ಅಣ್ಣ, ಬಂತಾ?" "ಇಲ್ಲ, ಒಂದು ನಿಮಿಷ ಬಿಟ್ಟು ಇನ್ನೊಂದ್ಸಲ." ಎರಡನೇ ಸಲಕ್ಕೆ ಪೈಪು ಕೆಮ್ಮಿದಂತೆ ಗಾಳಿ ಬಿಟ್ಟು, ಆಮೇಲೆ ಸಮನಾದ ಧಾರೆ ಬಂತು. ದಾರಿ ತೆರೆದಿದೆ, ಪೈಪೂ ತೊಳೆದಾಯಿತು. ಸೆಲ್ಫ್ ಮೋಟರ್ ಬಿಸಿಯಾಗದಂತೆ ನಡುವೆ ಬಿಡುವು ಕೊಡಲೇಬೇಕು.

ಬಿಗಿಯುವ ಕ್ರಮದಲ್ಲಿ ನಾನು ತುಂಬ ಹಟ ಮಾಡುತ್ತೇನೆ. ಎರಡು ಬ್ಯಾಂಜೊಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಬೇಕು. ಆಮೇಲೆ ಕ್ಲಾಂಪ್, ಅದೂ ಕೈಯಲ್ಲೇ. ಪೈಪು ಎಲ್ಲೂ ಎಳೆತವಿಲ್ಲದೆ ತಾನಾಗಿ ಕೂರಬೇಕು, ಶೀಲ್ಡಿಗೋ ಬ್ಲಾಕಿಗೋ ತಾಗಬಾರದು. ಅಷ್ಟಾದ ಮೇಲೆ ಎರಡು ಬ್ಯಾಂಜೊಗಳಿಗೆ ಬಿಗಿತ ಅಳೆದು ತಿರುಗಿಸುವ ಟಾರ್ಕ್ ರೆಂಚ್, ಕೊನೆಗೆ ಕ್ಲಾಂಪ್. ಒಂದು ತುದಿಯನ್ನು ಪೂರ್ತಿ ಬಿಗಿದು ಇನ್ನೊಂದು ತುದಿಯನ್ನು ಎಳೆದು ಕೂರಿಸಿದರೆ, ಹೊಸ ಪೈಪು ಮೊದಲ ದಿನದಿಂದಲೇ ಬಾಗಿಕೊಂಡೇ ಬದುಕುತ್ತದೆ. ಬ್ಯಾಂಜೊ ಬೋಲ್ಟ್ ಒಳಗೆ ಟೊಳ್ಳು, ನೋಡಲು ಗಟ್ಟಿ ಕಂಡರೂ ಅಂದಾಜಿನ ಮೇಲೆ ಬಿಗಿದರೆ ತುಂಡಾಗುತ್ತದೆ. ಎಷ್ಟು ಬಿಗಿಯಬೇಕು ಅನ್ನುವ ಅಳತೆ ಒಂದೊಂದು ಇಂಜಿನ್ನಿಗೆ ಒಂದೊಂದು, ಆ ಇಂಜಿನ್ನಿನ ಮ್ಯಾನುಯಲ್ಲೇ ನೋಡಬೇಕು.

ಕ್ಲಾಂಪ್ ಬೋಲ್ಟಿನ ಖಾಲಿ ತೂತನ್ನು ಮೊದಲು ಥ್ರೆಡ್ ಕೊರೆಯುವ ಟ್ಯಾಪ್ ಹಾಕಿ ಸ್ವಚ್ಛ ಮಾಡಬೇಕಾಯಿತು. ಜಾಗ ಇಕ್ಕಟ್ಟು, ಕಣ್ಣಿಗೆ ಕಾಣುವುದಿಲ್ಲ, ಬೆರಳ ತುದಿಯಲ್ಲಿ ಬೋಲ್ಟ್ ಹಿಡಿದು ತಡಕಾಡಿ ಕೂರಿಸಬೇಕು. ಎರಡು ಸಲ ಬಿತ್ತು. ಯಾಕೆ ಬಿಟ್ಟಿರಬಹುದು ಅನ್ನುವುದು ಅರ್ಥವಾಯಿತು. ಬಿಡಬಾರದಿತ್ತು ಅನ್ನುವುದೂ ಅಷ್ಟೇ ಸ್ಪಷ್ಟವಾಯಿತು. ಬಿಗಿದ ಮೇಲೆ ಬೋಲ್ಟಿನ ತಲೆಯಿಂದ ಬ್ಲಾಕಿನವರೆಗೆ ಬಿಳಿ ಪೇಂಟಿನ ಒಂದು ಗೆರೆ ಎಳೆದೆ, ಬೋಲ್ಟ್ ಸಡಿಲವಾಗಿ ತಿರುಗಿದರೆ ಗೆರೆ ಮುರಿದು ಕಾಣಲಿ ಅಂತ.

ಚಾಲೂ ಮಾಡಿದ ಮೇಲೆ

ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಇಂಜಿನ್ ಚಾಲೂ ಮಾಡಿದೆ. ಆಯಿಲ್ ದೀಪ ಎರಡು ಸೆಕೆಂಡಿನಲ್ಲಿ ಆರಿತು. ಐದು ನಿಮಿಷ ಆಕ್ಸಿಲರೇಟರ್ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಮ್ಯಾನಿಫೋಲ್ಡಿನ ಸಂದಿಯಲ್ಲಿ ಉಳಿದಿದ್ದ ಆಯಿಲ್ ಹೊಗೆಯಾಡಲು ಶುರುವಾಯಿತು. ಎಷ್ಟು ಒರೆಸಿದರೂ ಒಂದಿಷ್ಟು ಉಳಿಯುತ್ತದೆ. ಕಾಲು ಗಂಟೆಗೆ ಅದು ನಿಂತಿತು. ನಿಲ್ಲದೆ ಜಾಸ್ತಿಯಾಗಿದ್ದರೆ ಆಗಲೇ ಆಫ್ ಮಾಡಬೇಕಿತ್ತು.

ಈ ಸಲ ನಿಂತ ಕಾರಿನ ಪರೀಕ್ಷೆಯನ್ನು ನಂಬಲಿಲ್ಲ. ಅದೇ ಏರು ರಸ್ತೆಯಲ್ಲಿ 40 ಕಿಲೋಮೀಟರ್ ಓಡಿಸಿದೆ. ವಾಪಸ್ ಬಂದು ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಫ್ ಮಾಡಿ, ತಣ್ಣಗಾದ ಮೇಲೆ ಪೈಪಿನ ಎರಡೂ ತುದಿಗೆ ಬಿಳಿ ಟಿಶ್ಯೂ ಸುತ್ತಿ ತೆಗೆದೆ. ಟಿಶ್ಯೂ ಒಣಗಿತ್ತು. ಯುವಿ ಟಾರ್ಚಿಗೂ ಏನೂ ಹೊಳೆಯಲಿಲ್ಲ. ಹಳೆಯ ಆಯಿಲ್ ಜೊತೆ ಡೈಯೂ ಹೋಗಿತ್ತು, ಅದಕ್ಕೇ ಹೊಸ ಆಯಿಲ್‌ಗೆ ಮತ್ತೆ ಬೆರೆಸಿದ್ದೆ.

ಕಾರು ಕೊಡುವಾಗ ಅಕ್ಕನಿಗೆ ಸೀಳಿದ ಪೈಪನ್ನೂ ಹೊಸ ಕ್ಲಾಂಪಿನ ಚಿತ್ರವನ್ನೂ ತೋರಿಸಿದೆ. ದೂರ ಓಡಿಸಿ ಬಂದಾಗ ಅರ್ಧ ನಿಮಿಷವೋ ಒಂದು ನಿಮಿಷವೋ ಇಂಜಿನ್ ಹಾಗೇ ಬಿಟ್ಟು ಆಮೇಲೆ ಆಫ್ ಮಾಡಿ, ಆಯಿಲ್ ಬದಲಿಸುವುದನ್ನು ಮುಂದೂಡಬೇಡಿ ಅಂದೆ. ಅವರು ಪೈಪಿನೊಳಗಿನ ಕಪ್ಪನ್ನು ಉಗುರಿನಿಂದ ಕೆರೆದು ನೋಡಿ, "ಇಷ್ಟು ಗಟ್ಟಿನಾ!" ಅಂದರು. ಮೊದಲ ಸಲದ ಕೆಲಸಕ್ಕೆ ತೆಗೆದುಕೊಂಡಿದ್ದ ಹಣವನ್ನು ಈ ಸಲದ ಲೆಕ್ಕದಲ್ಲಿ ಕಳೆದೆ. ಅದು ನನ್ನ ತಪ್ಪಿನ ಬಾಬ್ತು.

500 ಕಿಲೋಮೀಟರಿಗೆ ಒಮ್ಮೆ ತರಿಸಿ ನೋಡಿದೆ, ಒಣಗಿತ್ತು. ಹೋದ ವಾರ ಕಾರು ಮತ್ತೆ ಬಂದಿತ್ತು, ಈಗ 3,000 ಕಿಲೋಮೀಟರ್ ಆಗಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆಗೆ ಕೂದಲಷ್ಟು ಕೆಳಗೆ ಇತ್ತು. ಕನ್ನಡಿ ಹಿಡಿದು ಹಿಂದೆ ನೋಡಿದೆ. ಕ್ಲಾಂಪ್ ಬೋಲ್ಟಿನ ಮೇಲಿನ ಬಿಳಿ ಗೆರೆ ಎಳೆದ ಹಾಗೇ ನೇರವಾಗಿತ್ತು.